ಕೊಳೆ ಬಂದವರ ಹತ್ತಿರ ಏನು ಕೇಳಿ ತಿಳಿಯಬೇಕು?

ಹೊಸನಗರ_ತೋಟ:
ಎಲ್ಲರಿಗೂ ನಮಸ್ಕಾರ. ಈ ವರ್ಷದಿಂದ ಅಡಿಕೆ ತೋಟದ ಉಸ್ತುವಾರಿ ನನ್ನದು. ಕಳೆದ ಮಳೆಗಾಲ ಕೊಳೆಯಲ್ಲಿ (ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಫಸಲು ಹೋದವರನ್ನು ವಿಚಾರಿಸಿದರೆ ಒಬ್ಬರು ಸುಣ್ಣ ಸರಿಯಿರಲಿಲ್ಲ ಅಂತಾರೆ, ಒಬ್ಬರು ಮೈಲುತುತ್ತದ (ತಾಮ್ರದ ಸಲ್ಫೇಟ್) ಮೇಲೆ ತಪ್ಪು ಹಾಕ್ತಾರೆ, ಉಳಿದವರು ಮಳೆ ಬಿಡಲೇ ಇಲ್ಲ ಅಂತಾರೆ. ಎಲ್ಲರೂ ಔಷಧಿ ಹೊಡೆಸಿದವರೇ. ಇವರ ಮಾತಿನಿಂದ ನನ್ನ ತೋಟಕ್ಕೆ ಬೇಕಾದ್ದನ್ನು ಹೆಕ್ಕುವುದು ಹೇಗೆ?

ತುಂಗಾತೀರ:
ಅವರು ಹೇಳುವ ಕಾರಣವನ್ನು ಪಕ್ಕಕ್ಕಿಡಿ, ಏನೇನು ಮಾಡಿದರು ಅಂತ ಮಾತ್ರ ಕೇಳಿ. ಫಸಲು ಹೋದ ಮೇಲೆ ಹೊಳೆದ ಕಾರಣ ಬಹುತೇಕ ಊಹೆ.

ಮೊದಲ ಪ್ರಶ್ನೆ, ಒಂದನೇ ಔಷಧಿ ಯಾವಾಗ ಹೊಡೆಸಿದ್ರಿ? ತಾರೀಕು ಕೇಳಿದರೆ ಯಾರಿಗೂ ನೆನಪಿರಲ್ಲ. ರೋಹಿಣಿ ಮಳೆಗೋ, ಮೃಗಶಿರಕ್ಕೋ, ಆರಿದ್ರೆಗೋ ಅಂತ ಕೇಳಿ, ಥಟ್ಟನೆ ಹೇಳ್ತಾರೆ. ಮುಂಗಾರು ಹಿಡಿಯುವ ಮುಂಚೆ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ದಿನಗಳಲ್ಲಿ ಒಂದನೇದು ಮುಗಿಯಬೇಕು. "ಆರಿದ್ರೆ ನಡೀತಿತ್ತು, ಕೊನೆಗಾರ (ಮರ ಹತ್ತಿ ಔಷಧಿ ಹೊಡೆಯುವವ) ಸಿಗಲಿಲ್ಲ" ಅಂದರೆ ಆಗಲೇ ಜೂನ್ 21 ದಾಟಿತ್ತು. ಸುಣ್ಣ, ತುತ್ತ ಎರಡೂ ಚೊಕ್ಕವಾಗಿದ್ದರೂ ಅಷ್ಟು ಹೊತ್ತಿಗೆ ರೋಗ ಗೊನೆಗೆ ಕೂತಿರಬಹುದು. ಈ ತುತ್ತ–ಸುಣ್ಣದ ದ್ರಾವಣ, ಅಂದರೆ ಬೋರ್ಡೋ, ರೋಗ ತಡೆಯುವ ಔಷಧಿ, ಒಳಹೊಕ್ಕ ರೋಗವನ್ನು ವಾಸಿ ಮಾಡುವುದಲ್ಲ.

ಎರಡನೇದಕ್ಕೂ ಹಾಗೇ ಕೇಳಿ. 40–45 ದಿನದ ಅಂತರ ಇರಬೇಕು, ಪುನರ್ವಸು–ಪುಷ್ಯದ ಹೊತ್ತಿಗೆ ಬರುತ್ತದೆ. ಮಳೆ ಎಳೆದರೆ ಮೂರನೇದೂ ಬೇಕು. ಹೊಡೆದ ಮೇಲೆ ಗೊನೆ ಒಣಗುವಷ್ಟು ಹೊಳವು (ಮಳೆಯ ಬಿಡುವು) ಸಿಕ್ಕಿತ್ತಾ ಅನ್ನುವುದನ್ನೂ ಬಿಡಬೇಡಿ. ಅದನ್ನು ಯಜಮಾನರಿಗಿಂತ ಕೊನೆಗಾರ ಸರಿಯಾಗಿ ಹೇಳ್ತಾನೆ.

ಸಾಗರ_ಅಡಿಕೆ:
ದ್ರಾವಣದ ವಿಚಾರ ನಾನು ಸೇರಿಸ್ತೇನೆ. ಶೇ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ತುತ್ತವನ್ನು 50 ಲೀಟರ್‌ನಲ್ಲಿ, ಸುಣ್ಣವನ್ನು ಅರಳಿಸಿ ತಣಿಸಿ ಸೋಸಿ ಇನ್ನು 50 ಲೀಟರ್‌ನಲ್ಲಿ, ಬೇರೆಬೇರೆಯಾಗಿ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕದಡಬೇಕು. ತಿರುಗಾಮುರುಗಾ ಮಾಡಿದರೆ, ಸುಣ್ಣ ಬಿಸಿಯಿರುವಾಗಲೇ ಬೆರೆಸಿದರೆ ಕಣ ದಪ್ಪವಾಗಿ ಬೇಗ ತಳ ಹಿಡಿಯುತ್ತದೆ, ನಾಜಲ್ ಕಟ್ಟುತ್ತದೆ, ಗೊನೆಗೆ ಅಂಟುವುದೂ ಕಡಿಮೆ.

ಹಾಗಾಗಿ "ಸುಣ್ಣ ಸರಿಯಿರಲಿಲ್ಲ" ಅಂದವರನ್ನು ಕೇಳಿ: ಹರಳು ಸುಣ್ಣವೋ (ಅರಳಿಸದ ಸುಟ್ಟ ಸುಣ್ಣ), ಅರಳಿದ ಪುಡಿಯೋ? ಚೀಲ ಎಷ್ಟು ದಿನ ತೆರೆದಿತ್ತು? ಗಾಳಿ ಕುಡಿದ ಸುಣ್ಣಕ್ಕೆ ತುತ್ತದ ಹುಳಿ ಕಳೆಯುವ ಶಕ್ತಿ ಇರಲ್ಲ. ಚೊಕ್ಕ ಅರಳಿದ ಸುಣ್ಣದ ಪುಡಿಯಾದರೂ 1 ಕಿಲೋ ಸಾಲದು, ಸುಮಾರು 1.3 ಕಿಲೋ ಬೇಕು. ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ತಾಮ್ರ ಕರಗಿದ ರೂಪದಲ್ಲೇ ಉಳಿದು ಎಳೆ ಭಾಗ ಸುಡುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಆ ವರ್ಷ ಗೊನೆಯಲ್ಲಿ ಸುಟ್ಟ ಕಲೆ ಕಂಡಿತ್ತಾ ಅಂತ ವಿಚಾರಿಸಿ. ಕಂಡಿದ್ದರೆ ಸುಣ್ಣದ ಮಾತಿಗೆ ಬಲ ಬಂತು.

ಕಬ್ಬಿಣದ ಡ್ರಮ್ಮಿನಲ್ಲಿ ಕಲಸಿದ್ದರಾ, ನಿನ್ನೆ ಉಳಿದದ್ದನ್ನು ಇವತ್ತು ಹೊಡೆದರಾ, ಇವೆರಡೂ ಕೇಳಲೇಬೇಕಾದ್ದು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಲಸಿದ್ದು ಅವತ್ತೇ ಮುಗಿಯಬೇಕು.

ಮಲೆನಾಡು_ಬೇರು:
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಉದುರಿದ್ದೆಲ್ಲ ಕೊಳೆಯಲ್ಲ. ತೊಟ್ಟಿನ ಕಡೆಯಿಂದ ನೀರು ಹಿಡಿದಂತೆ ಕಡುಹಸಿರು ಕಲೆ, ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು ಇದ್ದರೆ ಕೊಳೆ. ಕಾಯಿ ಸೀಳಿ ಬಿದ್ದಿದ್ದರೆ ಅಂಡೊಡಕ, ಅದಕ್ಕೆ ಬೋರ್ಡೋದಿಂದ ಪ್ರಯೋಜನವಿಲ್ಲ, ಬಸಿಗಾಲುವೆ ನೋಡಬೇಕು. ಬೇಸಿಗೆಯಲ್ಲಿ ಸಿಂಗಾರ (ಹೂಗೊಂಚಲು) ಒಣಗಿ ಹರಳು (ಎಳೆಗಾಯಿ) ಉದುರಿದ್ದರೆ ಅದು ಮತ್ತೊಂದು ರೋಗ. ಹಾಗಾಗಿ "ಔಷಧಿ ಹೊಡೆದೂ ಹೋಯ್ತು" ಅಂದಾಗ ಬಿದ್ದ ಕಾಯಿ ಹೇಗಿತ್ತು ಅಂತ ಮೊದಲು ಕೇಳಿ. ಅದನ್ನು ಹೆಕ್ಕಿ ತೋಟದಿಂದ ಆಚೆ ಹಾಕಿದರಾ ಅನ್ನುವುದನ್ನೂ ಕೇಳಿ. ಕೊಳೆ ಕಾಯಿಯಿಂದ ರೋಗ ಹನಿಯ ಸಿಡಿತಕ್ಕೆ ಹರಡುತ್ತದೆ.

ಹೊಡೆಯದೇ ಬಚಾವಾದವರ ಮಾತಿಗೆ ಮರುಳಾಗಬೇಡಿ. ಅವರಲ್ಲಿ ಮಳೆ ಎಷ್ಟಿತ್ತು, ತೋಟ ಎಷ್ಟು ಬಿಸಿಲು ಕಾಣುತ್ತದೆ ಅಂತ ನೋಡದೆ ಅದನ್ನು ಕಣಿವೆ ತೋಟಕ್ಕೆ ಹೊಂದಿಸಲಾಗದು.

ಹೊಸನಗರ_ತೋಟ:
ತುಂಬಾ ಉಪಕಾರ. ದ್ರಾವಣ ಸರಿಯಾಗಿದೆಯಾ ಅಂತ ಹೊಡೆಯುವ ಮುಂಚೆಯೇ ತಿಳಿಯೋದು ಹೇಗೆ?

ಸಾಗರ_ಅಡಿಕೆ:
ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಸುಣ್ಣದ ತಿಳಿಹಾಲು ಸ್ವಲ್ಪ ಸ್ವಲ್ಪ ಸೇರಿಸಿ, ಕದಡಿ, ಅಲಗು ಉಜ್ಜಿ ಮತ್ತೆ ಅದ್ದಿ. ಕೆಂಪು ಬರದಿದ್ದಾಗ ಹೊಡೆಯಿರಿ. ಆದರೆ ತುತ್ತ ಕಲಬೆರಕೆಯೋ ಅಲ್ಲವೋ ಅನ್ನುವುದನ್ನು ಚಾಕು ಹೇಳುವುದಿಲ್ಲ. ಪ್ರತಿ ಡ್ರಮ್ಮಿಗೂ ಬೇರೆಯಾಗಿ ನೋಡಿ, ಒಂದು ಡ್ರಮ್ ಸರಿಬಂತೆಂದು ಉಳಿದದ್ದನ್ನು ಬಿಡಬೇಡಿ.