ಪದಚರ್ಚೆ: ಫುಟ್‌ಬಾಲಿನ ‘ಅಸಭ್ಯ ವರ್ತನೆ’ಗೆ ಬೇರೆ ಮಾತು ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳಲು ಬಂದಿದ್ದೇನೆ. ಆದರೆ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವನಿಗೆ ಇಷ್ಟು ಅವಸರ ಯಾಕೆ ಅಂತ ನಿಮಗೆ ಅನ್ನಿಸಬಹುದು.

ಕಾರವಾರದಲ್ಲಿ ನಾವು ನಾಲ್ಕಾರು ಜನ ಸೇರಿ ಶಾಲೆ ಹುಡುಗರಿಗೆ, ಹುಡುಗಿಯರಿಗೆ ಸಣ್ಣದೊಂದು ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತೇವೆ. ಯಾರಿಗಾದರೂ ಕಾರ್ಡ್ ಬಿದ್ದರೆ ಮನೆಗೊಂದು ಚೀಟಿ ಹೋಗುತ್ತದೆ. ಚೀಟಿಯ ಕನ್ನಡ ನನ್ನದು. ಎಚ್ಚರಿಕೆಯ ಹಳದಿ ಕಾರ್ಡಿಗೆ ನಿಯಮ ಪುಸ್ತಕ ಕೊಡುವ ಕಾರಣಗಳಲ್ಲಿ ‘ಅನ್‌ಸ್ಪೋರ್ಟಿಂಗ್ ಬಿಹೇವಿಯರ್’, ಅಂದರೆ ಆಟದ ರೀತಿಗೆ ಒಪ್ಪದ ನಡತೆ, ಅನ್ನುವುದೂ ಒಂದು. ನಾನು ಜಾಸ್ತಿ ಯೋಚನೆ ಮಾಡದೆ ‘ಅಸಭ್ಯ ವರ್ತನೆ’ ಅಂತ ಬರೆದು ಐವತ್ತು ಪ್ರತಿ ತೆಗೆಸಿದೆ.

ಮೊದಲ ಚೀಟಿ ಹೋದ ಮಾರನೇ ದಿನ ಬೆಳಿಗ್ಗೆಯೇ ಒಬ್ಬ ಹುಡುಗನ ತಾಯಿ ಮೈದಾನಕ್ಕೆ ಬಂದರು. ಚೀಟಿ ನಾಲ್ಕು ಮಡಿಕೆಯಾಗಿ ಮುಷ್ಟಿಯೊಳಗಿತ್ತು. ಬೆವರಿಗೆ ಒದ್ದೆಯಾಗಿತ್ತು. ಹಿಂದೆ ಮಗ, ಚಡ್ಡಿಗೆ ಇನ್ನೂ ಹಿಂದಿನ ದಿನದ ಕೆಂಪು ಮಣ್ಣು.

“ಅಣ್ಣಾ, ನಮ್ಮ ಹುಡುಗ ಎಂತ ಮಾಡ್ದ? ಹುಡುಗಿಯರಿಗೆ ಎಂತಾರೂ ಅಂದ್ನಾ?”

ಅವನು ಮಾಡಿದ್ದು ಇಷ್ಟೇ. ಗೋಲ್ ಪೆಟ್ಟಿಗೆಯೊಳಗೆ ಯಾರೂ ಮುಟ್ಟದಿದ್ದರೂ ಬಿದ್ದ. ಪಾದ ಹಿಡಿದುಕೊಂಡು ಹೊರಳಾಡಿದ. ಪೆನಾಲ್ಟಿ ಸಿಗುವುದಿಲ್ಲ ಅಂತ ಗೊತ್ತಾದ ಕೂಡಲೇ ಎದ್ದು ಓಡಿದ. ರೆಫರಿ ಹಳದಿ ತೋರಿಸಿದರು.

“ಏನೂ ಮಾಡಿಲ್ಲ ಅಕ್ಕಾ, ಸುಮ್ನೆ ಬಿದ್ದ” ಅಂದೆ.

“ಬಿದ್ರೆ ಅಸಭ್ಯನಾ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿ ಚೀಟಿ ವಾಪಸ್ ಪಡೆದೆ. ಅವರು ಗಾಬರಿಯಾದದ್ದು ಸರಿಯೇ. ‘ಬಸ್ಸಿನಲ್ಲಿ ಅಸಭ್ಯ ವರ್ತನೆ’, ‘ವಿದ್ಯಾರ್ಥಿನಿಯೊಂದಿಗೆ ಅಸಭ್ಯ ವರ್ತನೆ’ ಅಂತ ದಿನಾ ಪೇಪರಿನಲ್ಲಿ ಓದುವವರಿಗೆ ಆ ಎರಡು ಪದಕ್ಕೆ ಇರುವುದು ಒಂದೇ ಅರ್ಥ. ಆ ಜೋಡಿ ಈಗ ಬೇರೆ ಕೆಲಸಕ್ಕೆ ಸಿಗುವುದಿಲ್ಲ.

ಇಂಗ್ಲಿಷಿನಲ್ಲೂ ಇದು ನೆಟ್ಟಗಿರಲಿಲ್ಲ ಅನ್ನಿ. 1997ರವರೆಗೆ ನಿಯಮದಲ್ಲಿ ಇದ್ದದ್ದು ‘ಅನ್‌ಜಂಟಲ್‌ಮನ್ಲಿ ಕಂಡಕ್ಟ್’. ಅಂದರೆ ಸಭ್ಯ ಗಂಡಸಿಗೆ ತಕ್ಕುದಲ್ಲದ ನಡತೆ. ಆಡುವವರಲ್ಲಿ ಹೆಂಗಸರೂ ಇರುವಾಗ ಆ ಮಾತು ಹೇಗೆ ಸರಿಯಾದೀತು? ಆ ವರ್ಷ ನಿಯಮಗಳನ್ನು ಹೊಸದಾಗಿ ಬರೆದಾಗ ಅದನ್ನು ತೆಗೆದರು. ನಮ್ಮ ‘ಅಸಭ್ಯ’ ಆ ಹಳೇ ಮಾತಿನ ನೆರಳು ಅಂತ ನನ್ನ ಗುಮಾನಿ.

ಗೆಳೆಯರೊಬ್ಬರು ‘ಕ್ರೀಡಾಸ್ಫೂರ್ತಿಗೆ ವಿರುದ್ಧ’ ಅಂತ ಹಾಕಿ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬಹುಮಾನ ವಿತರಣೆಯ ಪ್ರತಿ ಭಾಷಣದಲ್ಲೂ ‘ಸೋಲು ಗೆಲುವು ಮುಖ್ಯವಲ್ಲ, ಕ್ರೀಡಾಸ್ಫೂರ್ತಿ ಮುಖ್ಯ’ ಅಂತ ಬರುತ್ತದೆ. ಅಷ್ಟು ಹೊತ್ತಿಗೆ ಮಕ್ಕಳ ಕಣ್ಣು ತಿಂಡಿಯ ಮೇಲಿರುತ್ತದೆ. ಆ ಪದ ಸವೆದು ಹೋಗಿದೆ. ಇನ್ನೊಂದು ತೊಂದರೆಯೂ ಇದೆ. ‘ಸ್ಫೂರ್ತಿ’ ಮನಸ್ಸಿನೊಳಗಿನ ವಿಷಯ. ರೆಫರಿ ಕಾರ್ಡ್ ತೋರಿಸುವುದು ಮನಸ್ಸು ನೋಡಿ ಅಲ್ಲ, ಮಾಡಿದ್ದನ್ನು ನೋಡಿ. 1998ರಲ್ಲಿ ಇಟಲಿಯ ಆಟಗಾರ ಪಾವೊಲೊ ಡಿ ಕಾನಿಯೊ ರೆಫರಿಯನ್ನೇ ನೂಕಿ ಕೆಡವಿದ. 11 ಪಂದ್ಯ ನಿಷೇಧವಾಯಿತು. ಅದೇ ಮನುಷ್ಯ 2000ದ ಡಿಸೆಂಬರಿನಲ್ಲಿ ಎವರ್ಟನ್ ವಿರುದ್ಧ ಆಡುವಾಗ, ಎದುರಿನ ಗೋಲ್‌ಕೀಪರ್ ನೋವಿನಿಂದ ನೆಲಕ್ಕೆ ಬಿದ್ದಿರುವುದನ್ನು ನೋಡಿ, ತನ್ನ ಕಡೆ ಬಂದ ಚೆಂಡನ್ನು ಕೈಯಲ್ಲಿ ಹಿಡಿದು ಆಟ ನಿಲ್ಲಿಸಿದ. ಅದಕ್ಕೆ ಫಿಫಾದ ಫೇರ್ ಪ್ಲೇ ಪ್ರಶಸ್ತಿ ಬಂತು. ಈಗ ಹೇಳಿ, ಇವನಿಗೆ ಕ್ರೀಡಾಸ್ಫೂರ್ತಿ ಇದೆಯೋ ಇಲ್ಲವೋ? ಚೀಟಿಗೆ ಬೇಕಾದ್ದು ಆಳಿನ ಗುಣದ ಹೆಸರಲ್ಲ, ಅವನು ಮಾಡಿದ ಕೆಲಸದ ಹೆಸರು.

ಹಾಗಾಗಿ ಒಂದೊಂದೇ ಕೆಲಸಕ್ಕೆ ಪದ ಹುಡುಕುತ್ತಾ ಹೊರಟೆ. ಮೊದಲಿಗೆ ಈ ಸುಳ್ಳು ಬೀಳುವಿಕೆ. ಪುಸ್ತಕದಲ್ಲಿ ಇದು ‘ಸಿಮ್ಯುಲೇಷನ್’. 1999ರಲ್ಲಿ ಇದನ್ನು ಹೆಸರು ಹಿಡಿದು ಹಳದಿ ಕಾರ್ಡಿನ ತಪ್ಪು ಅಂತ ಸೇರಿಸಿದರು. ಟಿವಿಯವರು ‘ಡೈವ್’ ಅನ್ನುತ್ತಾರೆ. ಮೈದಾನದ ಬದಿಯಲ್ಲಿ ನಿಂತವರು ಕೂಗುವುದು ‘ನಾಟಕ!’ ಅಂತ. ಕೂಗಲು ಚೆನ್ನಾಗಿದೆ. ಆದರೆ ಚೀಟಿಯಲ್ಲಿ ‘ನಾಟಕಕ್ಕಾಗಿ ಎಚ್ಚರಿಕೆ’ ಅಂತ ಬರೆದರೆ ಆ ತಾಯಿ ಮತ್ತೆ ಬರುತ್ತಾರೆ.

‘ಕಳ್ಳಾಟ’ ಹೇಗೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕನ್ನಡದಲ್ಲಿ ‘ಕಳ್ಳ’ ಅಂತ ಪದದ ಮುಂದೆ ಸೇರಿಸಿದರೆ ಕದಿಯುವುದಕ್ಕಿಂತ ಬಚ್ಚಿಡುವುದೇ ಜಾಸ್ತಿ ಕಾಣುತ್ತದೆ. ಕಳ್ಳನೋಟ, ಕಳ್ಳದಾರಿ, ಕಳ್ಳಬಸಿರು. ಇದನ್ನು ಎರಡು ದೊಡ್ಡ ಪಂದ್ಯಗಳ ಮೇಲೆ ಉಜ್ಜಿ ನೋಡಿದೆ. 1986ರ ಜೂನ್ 22, ಮೆಕ್ಸಿಕೊ. ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಚೆಂಡು ಗುದ್ದಿ ಗೋಲ್ ಮಾಡಿದ. ರೆಫರಿಗೆ ಕಾಣಲಿಲ್ಲ, ಇವನು ಹೇಳಲೂ ಇಲ್ಲ. ಇದು ಕಳ್ಳಾಟ, ಅನುಮಾನವೇ ಇಲ್ಲ. 2010ರ ಜುಲೈ 2, ಜೋಹಾನ್ಸ್‌ಬರ್ಗ್. ಹೆಚ್ಚುವರಿ ಅವಧಿಯ ಕೊನೇ ಗಳಿಗೆ. ಘಾನಾದವರ ಚೆಂಡು ಗೆರೆ ದಾಟುವುದರಲ್ಲಿತ್ತು. ಉರುಗ್ವೆಯ ಸುವಾರೆಜ್ ಎಲ್ಲರ ಕಣ್ಣೆದುರೇ ಕೈಯಿಂದ ತಡೆದ. ಕೆಂಪು ಕಾರ್ಡ್ ತಿಂದು ಹೊರಗೆ ಹೋದ. ಘಾನಾದ ಗ್ಯಾನ್ ಹೊಡೆದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿಯಿತು, ಆಮೇಲೆ ಶೂಟ್‌ಔಟಿನಲ್ಲಿ ಉರುಗ್ವೆ ಗೆದ್ದಿತು. ಘಾನಾದವರ ಹೊಟ್ಟೆ ಉರಿದಿದ್ದು ಸಹಜ. ಆದರೆ ಇದು ಕಳ್ಳಾಟವೇ? ಅವನು ಏನನ್ನೂ ಮುಚ್ಚಿಡಲಿಲ್ಲ. ತಪ್ಪು ಮಾಡಿದ, ದಂಡ ಕಟ್ಟಿದ. ನನ್ನ ಕಿವಿಗಂತೂ ‘ಕಳ್ಳಾಟ’ ಅಲ್ಲಿ ಕೂರುವುದಿಲ್ಲ. ನಿಮ್ಮ ಕಿವಿಗೆ?

ಆಗ ನೆನಪಾದದ್ದು ‘ಕಳ್ಳನಿದ್ದೆ’. ನಿದ್ದೆ ಬಂದಿಲ್ಲ, ಬಂದ ಹಾಗೆ ಮಲಗುವುದು. ಅದೇ ಅಚ್ಚಿನಲ್ಲಿ ‘ಕಳ್ಳಬೀಳು’ ಅಂತ ಮಾಡಿದರೆ? ‘ಕಳ್ಳನೋವು’ ಅಂತಲೂ ಮಾಡಬಹುದು. ನಿಯಮ ಇವೆರಡನ್ನೂ ಬಿಡಿಸಿಯೇ ಹೇಳುತ್ತದೆ. ಫೌಲ್ ಆಗದೆ ಆಯಿತು ಅಂತ ತೋರಿಸುವುದು ಒಂದು, ಪೆಟ್ಟಾಗದೆ ಆಯಿತು ಅಂತ ತೋರಿಸುವುದು ಇನ್ನೊಂದು. 2002ರ ವಿಶ್ವಕಪ್‌ನಲ್ಲಿ ಮೈದಾನದ ಮೂಲೆಯಿಂದ ಕಾರ್ನರ್ ಹೊಡೆಯಲು ನಿಂತಿದ್ದ ಬ್ರೆಜಿಲಿನ ರಿವಾಲ್ಡೊ ಕಡೆಗೆ ಟರ್ಕಿಯ ಆಟಗಾರ ಚೆಂಡನ್ನು ಸಿಟ್ಟಿನಿಂದ ಒದ್ದ. ಚೆಂಡು ಬಡಿದದ್ದು ಕಾಲಿಗೆ, ರಿವಾಲ್ಡೊ ಹಿಡಿದುಕೊಂಡದ್ದು ಮುಖ. ಒದ್ದವನಿಗೆ ಎರಡನೇ ಹಳದಿ ಬಿದ್ದು ಹೊರಗೆ ಹೋದ. ರಿವಾಲ್ಡೊಗೆ ಆಮೇಲೆ ದಂಡ ಬಿತ್ತು. ಇದಕ್ಕೆ ಕಳ್ಳನೋವು ಅನ್ನದೆ ಇನ್ನೇನು ಅನ್ನುತ್ತೀರಿ?

ಇಷ್ಟೆಲ್ಲ ಜೋಡಿಸಿಕೊಂಡು ಖುಷಿಯಲ್ಲಿದ್ದೆ. ಒಂದು ಸಂಜೆ ಆ ಹುಡುಗನನ್ನೇ ಕೇಳಿದೆ, “ನೀವು ನೀವೇ ಮಾತಾಡುವಾಗ ಇದಕ್ಕೆ ಏನಂತೀರೋ?” ನಮ್ಮ ಮಕ್ಕಳು ಆಡುವಾಗ ಬೈದುಕೊಳ್ಳುವುದು ಕೊಂಕಣಿಯಲ್ಲಿ, ರೆಫರಿ ಹತ್ತಿರ ಮಾತಾಡುವುದು ಕನ್ನಡದಲ್ಲಿ. ಅವನು ನಾಚಿಕೊಂಡು “ಸೋಂಗ” ಅಂದ.

ಸೋಂಗ! ನಮ್ಮ ‘ಸೋಗು’ ಅಲ್ವಾ ಇದು? ನಾನು ಮೂರು ದಿನ ಊರೆಲ್ಲ ಹುಡುಕಿದ್ದು ಅವನ ಬಾಯಲ್ಲೇ ಇತ್ತು. ಮರಾಠಿಯಲ್ಲೂ ‘ಸೋಂಗ’ ಅಂದರೆ ವೇಷ, ನಟನೆ. ಇವು ಒಂದೇ ಬೇರಿನವೋ, ಒಂದರಿಂದ ಒಂದು ಬಂದದ್ದೋ, ಬಲ್ಲವರು ಹೇಳಿ. ಇನ್ನೊಂದು ಅನುಕೂಲ ನೋಡಿ. ಪದೇ ಪದೇ ಬೀಳುವವನಿಗೆ ಸಿದ್ಧವಾದ ಪದವೂ ಇದೆ, ಸೋಗಲಾಡಿ. 2018ರ ವಿಶ್ವಕಪ್‌ನಲ್ಲಿ ನೆಯ್ಮಾರ್ ಉರುಳಿದ್ದು ಉರುಳಿದ್ದೇ, ಲೋಕವೆಲ್ಲ ಅಣಕಿಸಿತು. ಆದರೆ ಅವನಿಗೆ ನಿಜವಾದ ಒದೆಗಳೂ ಕಮ್ಮಿ ಬೀಳಲಿಲ್ಲ. ಹಾಗಾಗಿ ಅವನನ್ನು ಪೂರ್ತಿ ಸೋಗಲಾಡಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

(ಸೋಗು ಅಂದಾಗ ಅಂಕೋಲೆಯ ಕಡೆಯವರಿಗೆ ಸುಗ್ಗಿಯ ಹಗರಣ ನೆನಪಾಗಬಹುದು. ವೇಷ ಕಟ್ಟಿ ಊರವರನ್ನು ಅಣಕಿಸುವ ಆಟ ಅದು. ‘ಹಗರಣ’ವನ್ನೇ ಇಲ್ಲಿ ತರೋಣ ಅಂತ ಆಸೆಯಾಯಿತು. ಆದರೆ ಪೇಪರಿನವರು ಅದಕ್ಕೂ ಕೋಟಿ ಕೋಟಿ ಲೆಕ್ಕದ ಅರ್ಥ ಅಂಟಿಸಿಬಿಟ್ಟಿದ್ದಾರೆ. ಹತ್ತನೇ ಕ್ಲಾಸಿನ ಹುಡುಗನ ಚೀಟಿಯಲ್ಲಿ ‘ಹಗರಣ’ ಅಂತ ಬಂದರೆ ಮುಗಿಯಿತು.)

ಇನ್ನು ಟ್ಯಾಕಲ್, ಅಂದರೆ ಎದುರಿನವನ ಕಾಲಿನಿಂದ ಚೆಂಡು ಕಸಿಯಲು ನುಗ್ಗುವುದು. ನಿಯಮದಲ್ಲಿ ಮೂರು ಮೆಟ್ಟಿಲು. ‘ಕೇರ್‌ಲೆಸ್’ ಆದರೆ ಬರೀ ಫ್ರೀ ಕಿಕ್, ‘ರೆಕ್‌ಲೆಸ್’ ಆದರೆ ಹಳದಿ, ವಿಪರೀತ ಬಲ ಹಾಕಿದರೆ ಕೆಂಪು. ಕನ್ನಡದಲ್ಲಿ ಮೊದಲ ಎರಡಕ್ಕೂ ‘ಅಜಾಗರೂಕತೆ’ ಅಂತಲೇ ಬರೆಯುತ್ತೇವೆ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಅನ್ನುವ ಅಪಘಾತ ಕೇಸಿನ ಭಾಷೆ ಅದು. ಆದರೆ ಇಲ್ಲಿ ವ್ಯತ್ಯಾಸದಲ್ಲೇ ಒಂದು ಕಾರ್ಡ್ ಇದೆ. ನನ್ನ ಸಲಹೆ ಹೀಗೆ: ಮೊದಲನೆಯದು ‘ಗಮನ ತಪ್ಪಿ’, ಎರಡನೆಯದು ‘ಹಿಂದೆಮುಂದೆ ನೋಡದೆ’, ಮೂರನೆಯದು ‘ಮಿತಿ ಮೀರಿ’. ಎದುರಿನವನ ಗತಿ ಏನಾದೀತು ಅಂತ ಲೆಕ್ಕಿಸದಿರುವುದೇ ರೆಕ್‌ಲೆಸ್. ಅದನ್ನು ‘ಹಿಂದೆಮುಂದೆ ನೋಡದೆ’ ಎಷ್ಟು ಸಲೀಸಾಗಿ ಹೇಳುತ್ತದೆ ನೋಡಿ.

ರೆಫರಿಗೆ ತಿರುಗಿ ಮಾತಾಡುವುದಕ್ಕೆ ‘ಡಿಸೆಂಟ್’. ‘ಭಿನ್ನಮತ’ ಅಂತ ಬರೆದರೆ ಹುಡುಗ ಪಕ್ಷ ಬಿಡುತ್ತಾನೋ ಅನ್ನಿಸುತ್ತದೆ. ‘ಎದುರುಮಾತು’ ಸಾಕು. ಆದರೆ ಬಾಯಿ ಬಿಡದೆ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರೂ ಅದು ಡಿಸೆಂಟೇ. ಅಲ್ಲಿ ‘ಮಾತು’ ಸಾಲುವುದಿಲ್ಲ. ಹೊತ್ತು ಕಳೆಯುವುದಕ್ಕೆ ‘ಕಾಲಹರಣ’ ಸರಿಯಾಗಿ ಹೊಂದುತ್ತದೆ. 2025ರಿಂದ ಗೋಲ್‌ಕೀಪರ್ ಚೆಂಡನ್ನು ಎಂಟು ಸೆಕೆಂಡಿಗಿಂತ ಜಾಸ್ತಿ ಹಿಡಿದಿಟ್ಟರೆ ಎದುರಿನವರಿಗೆ ಕಾರ್ನರ್ ಕೊಡುತ್ತಾರೆ, ಹಾಗಾಗಿ ಈ ಪದಕ್ಕೆ ಕೆಲಸ ಇದ್ದೇ ಇದೆ.

ಕಷ್ಟವಾದದ್ದು ಇವೆಲ್ಲವನ್ನೂ ಒಳಗೆ ಹಾಕಿಕೊಳ್ಳುವ ದೊಡ್ಡ ಪದ. ಇಲ್ಲಿಯವರೆಗೆ ನನಗೆ ತೋಚಿದ್ದು ‘ತರವಲ್ಲದ ಆಟ’. ಇದು ಹೊಳೆದದ್ದು ಒಂದು ಹಳೇ ಜಗಳದಿಂದ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಆಡಿದ್ದು ನೆನಪಿದೆಯಲ್ಲ? ಹೆಚ್ಚುವರಿ ಅವಧಿಯಲ್ಲಿ ಬ್ಲಾಸ್ಟರ್ಸ್‌ನವರು ಇನ್ನೂ ಚೆಂಡಿಗೆ ಅಡ್ಡವಾಗಿ ಸಾಲು ನಿಂತು ‘ಗೋಡೆ’ ಕಟ್ಟುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ ಹೊಡೆದು ಗೋಲ್ ಮಾಡಿದರು. ಬ್ಲಾಸ್ಟರ್ಸ್ ಕೋಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಮೇಲೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಕಾರವಾರದ ಚಹಾದಂಗಡಿಯಲ್ಲಿ ಅರ್ಧ ಜನ ಗೋವಾ ತಂಡದ ಅಭಿಮಾನಿಗಳು. ಅವರಿಗೆ ಎರಡೂ ಕಡೆಯವರು ಬೇಡ, ಹಾಗಾಗಿ ಚರ್ಚೆ ನ್ಯಾಯವಾಗಿಯೇ ನಡೆಯಿತು. ಒಬ್ಬರು ಗ್ಲಾಸ್ ಕೆಳಗಿಟ್ಟು “ಛೇತ್ರಿ ಮಾಡಿದ್ದು ತಪ್ಪಲ್ಲ, ಆದ್ರೆ ತರವಲ್ಲ” ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಿಯಮ ಬಿಟ್ಟಿದ್ದನ್ನು ಚುರುಕಾಗಿ ಮಾಡಿದರೆ ಅದು ಜಾಣತನ. ತರವಲ್ಲದ್ದು ಆಟ ಬಿಟ್ಟು ಎದ್ದು ಹೋದದ್ದು. ಆದರೆ ಪದ ಮಾತ್ರ ಕಿವಿಯಲ್ಲೇ ಉಳಿಯಿತು.

ಈಗ ನನಗೇ ಒಂದು ಅನುಮಾನ. ಆ ಹಿರಿಯರ ಮಾತಿನಲ್ಲಿ ‘ತರವಲ್ಲ’ ಅಂದರೆ ನಿಯಮಕ್ಕೆ ಸಿಕ್ಕದ, ಆದರೂ ಮಾಡಬಾರದ ಕೆಲಸ. ಹಳದಿ ಕಾರ್ಡ್ ಬೀಳುವುದು ನಿಯಮಕ್ಕೆ ಸಿಕ್ಕ ಕೆಲಸಕ್ಕೆ. ಹಾಗಾದರೆ ಚೀಟಿಗೆ ಈ ಪದ ಮೆದುವಾಯಿತೇ? ‘ಸಲ್ಲದ ಆಟ’ ಅಂದರೆ ಸ್ವಲ್ಪ ಬಿಗಿಯಾಗುತ್ತದೆಯೇ? ಶಿರಸಿ, ಸಿದ್ದಾಪುರದ ಕಡೆಯವರು ಮಕ್ಕಳನ್ನು ಗದರುವಾಗ ಇವೆರಡರಲ್ಲಿ ಯಾವುದನ್ನು ಬಳಸುತ್ತೀರಿ, ಅಥವಾ ಬೇರೆಯೇ ಇದೆಯೋ, ತಿಳಿಸಿ.

ಡಿ ಕಾನಿಯೊ ಚೆಂಡು ಹಿಡಿದಂಥ ಕೆಲಸಕ್ಕೂ ಒಂದು ಮಾತು ಬೇಕು. ‘ಕ್ರೀಡಾಸ್ಫೂರ್ತಿ ಮೆರೆದ’ ಬೇಡ, ಅವನು ಮೆರೆಯಲಿಲ್ಲ. ಕೊಂಕಣಿಗೂ ಹುಬ್ಬಳ್ಳಿ ಕನ್ನಡಕ್ಕೂ ಒಗ್ಗುವ ‘ಖರೇ ಆಟ’ ನನ್ನ ಮನಸ್ಸಿನಲ್ಲಿದೆ. ಮೈಸೂರಿನವರಿಗೆ ಹೇಗೆ ಕೇಳುತ್ತದೋ.

ಚೀಟಿ ಅಂಗೈಯಗಲದ್ದು, ಕಾರಣ ಬರೆಯುವ ಗೆರೆಯಲ್ಲಿ ಮೂರು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಶನಿವಾರ ಪ್ರಿಂಟಿಗೆ ಕೊಡಬೇಕು. ಈ ಸಲ ಐವತ್ತು ಪ್ರತಿ ತೆಗೆಸುವ ಮೊದಲು ಒಂದನ್ನು ಆ ತಾಯಿಗೇ ಕೊಟ್ಟು ಓದಿಸುತ್ತೇನೆ.