ತೋಟದ ಆರ್‌ಎಕ್ಸ್ 100: ಬ್ಲಾಕ್ ಕೊರೆಸಬೇಕಾ, ಬೇಡವಾ

ಗುಂಪು: ಹೊಸಮನೆ ಬಳಗ

ಚೇತನ್: (ಫಾರ್ವರ್ಡ್ ವಿಡಿಯೋ) ಯಮಹಾ ಆರ್‌ಎಕ್ಸ್ 100 ಬೈಕಿಗೆ ಫುಲ್ ಪೋರ್ಟಿಂಗ್, ಅಂದ್ರೆ ಸಿಲಿಂಡರಿನ ಕಿಂಡಿಗಳನ್ನ (ಪೋರ್ಟ್) ಕೊರೆದು ದೊಡ್ಡದು ಮಾಡೋದು. ಎಕ್ಸಾಸ್ಟ್ ಪೋರ್ಟ್ 2 ಎಂಎಂ ಮೇಲೆ, ದೊಡ್ಡ ಕಾರ್ಬುರೇಟರ್, ಚೇಂಬರ್ ಸೈಲೆನ್ಸರ್. ಕೆಳಗಿಂದಲೇ, ಇಂಜಿನ್ ನಿಧಾನ ತಿರುಗೋವಾಗಲೇ, ಸೂಪರ್ ಪಿಕಪ್!

ಚೇತನ್: ಎಲ್ಲರೂ ಪೂರ್ತಿ ನೋಡಿ. ಮಳೆ ಹಿಡಿಯೋ ಮೊದ್ಲು ತೋಟದ ಆರ್‌ಎಕ್ಸ್‌ಗೆ ಇದನ್ನೇ ಮಾಡಿಸೋಣ. ಬೆಂಗಳೂರಲ್ಲಿ ಒಂದು ಗ್ಯಾರೇಜ್ ಮಾತಾಡಿದ್ದೇನೆ. ಬ್ಲಾಕು (ಸಿಲಿಂಡರು), ಹೆಡ್ಡು ಬಿಚ್ಚಿ ಬಸ್ಸಿಗೆ ಹಾಕಿದ್ರೆ ಸಾಕು. ಗಾಡಿ ಎಲ್ಲರದ್ದೂ, ಖರ್ಚೂ ಎಲ್ಲರೂ ಹಂಚ್ಕೊಳ್ಳೋಣ.

ಸುಮಕ್ಕ: ಗಾಡಿ ಎಲ್ಲರದ್ದೂ ಹೌದು. ದಿನಾ ಓಡ್ಸೋದು ನಾನು ಮತ್ತೆ ತೋಟದ ಕೆಲಸ ನೋಡ್ಕೊಳ್ಳೋ ರೈಟರು. ಕೆರೆ ಬದಿಯಿಂದ ಕಣಕ್ಕೆ ಬರೋ ಏರು ನಿನಗೆ ಗೊತ್ತಲ್ಲ. ಹಿಂದೆ ಗೊಬ್ಬರದ ಚೀಲ, ಕೆಳಗೆ ಕೆಸರು. ಅರ್ಧಕ್ಕೆ ಬಂದಾಗ ಎಳೆತ ಸಾಲದೆ ಹಾಫ್ ಕ್ಲಚ್ ಹಿಡೀಬೇಕು, ಕ್ಲಚ್ ಪ್ಲೇಟ್ ಸುಡ್ತದೆ. ಈ ವಿಡಿಯೋದಲ್ಲಿ ಮಾಡಿದ್ದು ಅದಕ್ಕೆ ಆಗ್ತದಾ? ಆಗೋದಾದ್ರೆ ನಂದೇನೂ ತಕರಾರಿಲ್ಲ.

ಚೇತನ್: ಅದಕ್ಕೇ ಅಲ್ವಾ ಅಕ್ಕ. ಪವರ್ ಜಾಸ್ತಿ ಆದ್ರೆ ಏರು ತಾನಾಗೇ ಹತ್ತುತ್ತೆ.

ರಘಣ್ಣ: ಇಲ್ಲ ಚೇತು. ಹತ್ತೋದಿಲ್ಲ. ಈಗಿರೋದಕ್ಕಿಂತ ಕಷ್ಟ ಆಗ್ತದೆ. ಆಫೀಸಿಂದ ಹೊರಟು ಬರೀತೀನಿ, ಅಲ್ಲಿವರೆಗೆ ಬ್ಲಾಕ್ ಯಾರೂ ಬಿಚ್ಚಬೇಡಿ.

ಪ್ರಕಾಶ್ ಚಿಕ್ಕಪ್ಪ: ನಾನು ಆವತ್ತೇ ಅಣ್ಣನಿಗೆ ಹೇಳಿದ್ದೆ, ತೋಟಕ್ಕೆ ಯೆಜ್ಡಿ ತಗೋ ಅಂತ. ನಮ್ಮ ಮೈಸೂರಲ್ಲೇ ಮಾಡಿದ ಗಾಡಿ. ಮೂರನೇ ಗೇರಲ್ಲಿ ಆಮೆ ಹಂಗೆ ಹೋದ್ರೂ ನಿಲ್ತಿರಲಿಲ್ಲ.

ದೊಡ್ಡಮ್ಮ: ಅವರು ಪ್ರೀತಿಯಿಂದ ತಗೊಂಡ ಗಾಡಿ. ಏನು ಮಾಡಿದ್ರೂ ಹಾಳು ಮಾಡ್ಬೇಡ್ರಪ್ಪ. ಆರ್‌ಸಿ ಇನ್ನೂ ನನ್ನ ಹೆಸರಲ್ಲೇ ಇದೆ.

ರಘಣ್ಣ: ಈಗ ಕೂತಿದ್ದೇನೆ. ಉದ್ದ ಬರೀತೀನಿ, ಓದಿ.

ಟೂ-ಸ್ಟ್ರೋಕ್‌ನಲ್ಲಿ ಫೋರ್-ಸ್ಟ್ರೋಕ್ ಹಾಗೆ ಹೆಡ್ಡಿನಲ್ಲಿ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿರೋ ಕಿಂಡಿಗಳನ್ನ ಪಿಸ್ಟನ್ನೇ ತೆಗೆದು ಮುಚ್ಚುತ್ತೆ. ಎಕ್ಸಾಸ್ಟ್ ಕಿಂಡಿಯ ಮೇಲಂಚು ಎಷ್ಟು ಎತ್ತರದಲ್ಲಿದೆ ಅನ್ನೋದ್ರ ಮೇಲೆ ಇಂಜಿನ್ನಿನ ಗುಣ ನಿಂತಿದೆ. ನಮ್ಮ ಆರ್‌ಎಕ್ಸ್‌ದು 50 ಎಂಎಂ ಬೋರು, 50 ಎಂಎಂ ಸ್ಟ್ರೋಕು, 98 ಸಿಸಿ. ಆ ಸ್ಟ್ರೋಕಿಗೆ ಮೇಲಂಚನ್ನ 1 ಎಂಎಂ ಎತ್ತರಿಸಿದ್ರೆ ಕಿಂಡಿ ತೆರೆದಿರೋ ಅವಧಿ ಸುಮಾರು 4.5 ಡಿಗ್ರಿ ಹೆಚ್ಚಾಗ್ತದೆ. 2 ಎಂಎಂಗೆ 9 ಡಿಗ್ರಿ. ಅಂದ್ರೆ ಉರಿದ ಗ್ಯಾಸು ಪಿಸ್ಟನ್ನನ್ನ ಕೆಳಕ್ಕೆ ತಳ್ತಾ ಇರುವಾಗಲೇ ಬೇಗ ಹೊರಗೆ ಬಿಟ್ಟ ಹಾಗೆ. ಪಿಸ್ಟನ್ ಮೇಲೆ ಬರುವಾಗ ಕಿಂಡಿ ತಡವಾಗಿ ಮುಚ್ತದೆ, ನಿಧಾನ ತಿರುಗೋವಾಗ ಹೊಸ ಪೆಟ್ರೋಲ್-ಗಾಳಿ ಅದರಲ್ಲೇ ಆಚೆ ಸೋರ್ತದೆ, ಕಂಪ್ರೆಶನ್ನೂ ಇಳೀತದೆ. 8,000, 9,000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗೋ ಸುತ್ತು) ಹೋದಾಗ ಮಾತ್ರ ಇದು ಲಾಭ, ಆ ವೇಗದಲ್ಲಿ ಗ್ಯಾಸಿಗೆ ಹೊರಗೆ ಹೋಗೋಕೆ ಸಮಯವೇ ಸಾಲೋದಿಲ್ಲ.

ಕಂಪನಿ ಗಾಡಿಗೆ ಎಳೆತ ಅತಿ ಹೆಚ್ಚು ಸಿಗೋದು 6,500ಕ್ಕೆ, ಪವರ್ 7,500ಕ್ಕೆ. ಸುಮಕ್ಕನ ಏರು ಇರೋದು 3,000ದ ಹತ್ರ. ಈ ವಿಡಿಯೋದವನು ಆ ಎಳೆತವನ್ನ ಇನ್ನೂ ಮೇಲಕ್ಕೆ ಒಯ್ದಿದ್ದಾನೆ. ರೇಸ್ ಟ್ರ್ಯಾಕಿಗೆ ಒಳ್ಳೇ ಕೆಲಸ. ನಮ್ಮ ಕೆಸರಿಗೆ ತಿರುಗಾಮುರುಗ.

ಚೇತನ್: ಚೇಂಬರ್ ಸೈಲೆನ್ಸರ್ ಹಾಕಿದ್ರೆ ಸೋರಿದ್ದು ವಾಪಸ್ ಒಳಗೆ ಬರುತ್ತೆ ಅಂತ ಅವರೇ ಹೇಳಿದ್ದಾರಲ್ಲ ರಘಣ್ಣ.

ರಘಣ್ಣ: ಅದು ಸತ್ಯ, ಅದರಷ್ಟು ಚಂದದ ಕೆಲಸ ಟೂ-ಸ್ಟ್ರೋಕ್‌ನಲ್ಲಿ ಬೇರೆ ಇಲ್ಲ. ಕಿಂಡಿ ತೆರೆದಾಗ ಹೊರಡೋ ಒತ್ತಡದ ಅಲೆ ಪೈಪಿನ ತುದಿಗೆ ಬಡಿದು ವಾಪಸ್ ಬಂದು, ಸೋರಿದ್ದನ್ನ ಒಳಗೆ ತಳ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅನ್ನೋರು ಅದನ್ನ ರೇಸಲ್ಲಿ ಪಳಗಿಸಿದ್ರು. 1961ರಲ್ಲಿ ಅವರ ರೈಡರ್ ಎರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದ, ವಿದ್ಯೆ ಜಪಾನಿಗೆ ಹೋಯ್ತು. ಆದ್ರೆ ಚೇಂಬರ್ ಒಂದು ಆರ್‌ಪಿಎಂಗೆ ಅಂತ ಕಟ್ಟೋದು. ಲೆಕ್ಕ ನೋಡು. ಕಿಂಡಿ 180 ಡಿಗ್ರಿ ತೆರೆದಿರ್ತದೆ ಅಂತ ಇಟ್ಕೊ. 6,500ರಲ್ಲಿ ಅದು ಸೆಕೆಂಡಿನ ಸಾವಿರದಲ್ಲಿ 4.6 ಭಾಗ. ಬಿಸಿ ಗ್ಯಾಸಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡ್ತದೆ. ಹೋಗಿ ಬರೋಕೆ ಪೈಪು ಸುಮಾರು 1.15 ಮೀಟರ್ ಬೇಕು. 9,000ಕ್ಕೆ ಆದ್ರೆ 83 ಸೆಂಟಿಮೀಟರ್ ಸಾಕು. ವಿಡಿಯೋದಲ್ಲಿರೋದು ಗಿಡ್ಡ ಪೈಪು. ನಿಧಾನ ಹೋಗುವಾಗ ಅಲೆ ತೀರಾ ಬೇಗ ವಾಪಸ್ ಬಂದು, ಬೇಕಾದ ಹೊತ್ತಲ್ಲಿ ಅಲ್ಲಿರೋದಿಲ್ಲ.

ಸುಮಕ್ಕ: ಲೆಕ್ಕ ಅರ್ಥ ಆಯ್ತು. ಹಂಗಾದ್ರೆ ಏನು ಮಾಡ್ಬೇಕು ಅದನ್ನ ಹೇಳು.

ರಘಣ್ಣ: ಮೊದ್ಲು ಮುಂದಿನ ಸ್ಪ್ರಾಕೆಟ್, ಚೈನ್ ಎಳೆಯೋ ಹಲ್ಲುಚಕ್ರ. ಈಗ ಇರೋದು 14 ಹಲ್ಲು. 13 ಹಾಕಿದ್ರೆ ಚಕ್ರಕ್ಕೆ ಎಳೆತ 7.7 ಪರ್ಸೆಂಟ್ ಜಾಸ್ತಿ. ಅರ್ಧ ದಿನದ ಕೆಲಸವೂ ಅಲ್ಲ.

ಚೇತನ್: ಅದು ಇಂಜಿನ್ನಿನ ಎಳೆತ (ಟಾರ್ಕ್) ಅಲ್ವಲ್ಲ! ಗೇರ್ ಬದಲಾಯಿಸಿದ ಹಾಗೆ ಆಯ್ತು ಅಷ್ಟೇ. ಮೂಡಿಗೆರೆ ರೋಡಲ್ಲಿ ಅದೇ ಸ್ಪೀಡಿಗೆ ಇಂಜಿನ್ ಇನ್ನೂ ಕಿರುಚುತ್ತೆ. ಮೂಲ ಸಮಸ್ಯೆ ಇಂಜಿನ್ ಒಳಗಿದೆ ಅಂತ ನೀವೇ ಹೇಳಿ ಈಗ ಹಲ್ಲು ಎಣಿಸ್ತಾ ಇದೀರ.

ಪ್ರಕಾಶ್ ಚಿಕ್ಕಪ್ಪ: ಹುಡುಗ ಹೇಳೋದ್ರಲ್ಲಿ ನ್ಯಾಯ ಇದೆ ರಘು.

ರಘಣ್ಣ: ನ್ಯಾಯ ಇದೆ ಚಿಕ್ಕಪ್ಪ. ಕೆಸರಲ್ಲಿ ಗಾಡಿ ಎಳೆಯೋದು ಚಕ್ರ, ಆದ್ರಿಂದ ಸ್ಪ್ರಾಕೆಟ್ ಮೊದ್ಲು ಅಂದೆ. ಇಂಜಿನ್ ಒಳಗೂ ಕೆಲಸ ಇದೆ, ಆದ್ರೆ ಹೊಸದಾಗಿ ಪವರ್ ಸೇರಿಸೋ ಮೊದ್ಲು ಹೋಗಿರೋದನ್ನ ವಾಪಸ್ ತರಬೇಕು. ಸುಮಕ್ಕ, ಇದಿಷ್ಟು ನೋಡಿಸು. ಕಾರ್ಬುರೇಟರ್‌ಗೂ ಸಿಲಿಂಡರಿಗೂ ಮಧ್ಯೆ ರೀಡ್ ವಾಲ್ವ್ ಇರ್ತದಲ್ಲ, ಒಳಗೆ ಹೋದ ಮಿಶ್ರಣ ವಾಪಸ್ ಬರದ ಹಾಗೆ ತಡೆಯೋ ತೆಳು ಎಸಳುಗಳು, ಅದನ್ನ ಬೆಳಕಿಗೆ ಹಿಡಿದು ನೋಡ್ಬೇಕು. ಎಸಳುಗಳು ಸರಿಯಾಗಿ ಕೂರದೆ ಸಂದು ಕಂಡ್ರೆ ಅಥವಾ ತುದಿ ಮುರಿದಿದ್ರೆ ಕೆಳಗಿನ ಎಳೆತ ಅಲ್ಲೇ ಹೋಗ್ತದೆ. ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲ್ ನೋಡ್ಬೇಕು. ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಕಡೆಯದು ಹಳೇದಾದ್ರೆ ಗಾಳಿ ಎಳ್ಕೊಂಡು ಇಂಜಿನ್ ಬಿಸಿ ಆಗ್ತದೆ, ಕ್ಲಚ್ ಕಡೆಯದಾದ್ರೆ ಗೇರ್ ಆಯಿಲ್ ಎಳ್ಕೊಂಡು ಹೊಗೆ ಬರ್ತದೆ. ಎಕ್ಸಾಸ್ಟ್ ಪೋರ್ಟಲ್ಲಿ, ಸೈಲೆನ್ಸರ್ ಒಳಗಿನ ಬ್ಯಾಫಲ್‌ನಲ್ಲಿ ಕರಿ ಕಟ್ಟಿರ್ತದೆ, ಕೆರೆದು ತೆಗೀಬೇಕು.

ಸುಮಕ್ಕ: ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಸಾಕಾಗ್ತದೆ. ಆಮೇಲೆ ಸ್ಟಾರ್ಟ್ ಆದ್ರೂ ಐಡಲ್ಲಿ ನಿಲ್ಲೋದಿಲ್ಲ. ಬಿಸಿ ಆದ್ಮೇಲೆ ಸರಿ ಹೋಗ್ತದೆ.

ರಘಣ್ಣ: ರೀಡ್ ಇರ್ಬೇಕು ಅಕ್ಕ. ಬಿಚ್ಚದೆ ಖಾತ್ರಿ ಹೇಳೋಕಾಗಲ್ಲ, ಆದ್ರೆ ಮೊದ್ಲು ಕೈ ಹಾಕಬೇಕಾದ ಜಾಗ ಅದೇ.

ಚೇತನ್: ಅದೆಲ್ಲ ರಿಪೇರಿ ರಘಣ್ಣ. ನಾನು ಕೇಳ್ತಿರೋದು ಕಂಪನಿ ಕೊಟ್ಟಿದ್ದಕ್ಕಿಂತ ಜಾಸ್ತಿ. ಕೆಳಗಿನ ಎಳೆತಕ್ಕೆ ಮಾಡೋ ಮಾಡಿಫಿಕೇಶನ್ ಅಂತ ಒಂದೂ ಇಲ್ವಾ?

ರಘಣ್ಣ: ಇದೆ. ನೀನು ತೋರಿಸಿದ್ದಕ್ಕೆ ವಿರುದ್ಧ ದಿಕ್ಕಿನದು. ಬ್ಲಾಕ್ ಕೆಳಗಿನ ಗ್ಯಾಸ್ಕೆಟ್ ತೆಳು ಮಾಡಿ ಸಿಲಿಂಡರನ್ನೇ ಚೂರು ಕೆಳಗೆ ಕೂರಿಸೋದು. ಅರ್ಧ ಎಂಎಂ ಇಳಿದ್ರೆ ಎಕ್ಸಾಸ್ಟ್ ಅವಧಿ ಎರಡು ಡಿಗ್ರಿಯಷ್ಟು ಕಡಿಮೆ, ಕಂಪ್ರೆಶನ್ ಜಾಸ್ತಿ. ಆದ್ರೆ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಅಂಚಿಗೆ ಎಷ್ಟು ಜಾಗ ಉಳೀತದೆ ಅಂತ ಅಳೀಲೇಬೇಕು. ಪ್ಲಗ್ ತೂತಿಂದ ಸಾಲ್ಡರಿಂಗ್ ತಂತಿ ಗೋಡೆವರೆಗೆ ಇಳಿಸಿ, ಮ್ಯಾಗ್ನೆಟ್ ಕೈಯಲ್ಲಿ ತಿರುಗಿಸಿ, ಚಪ್ಪಟೆ ಆದ ತುದಿಯನ್ನ ಅಳೆಯೋದು. 1 ಎಂಎಂ ಹತ್ರ ಇದ್ರೆ ನೆಮ್ಮದಿ. ತೀರಾ ಕಮ್ಮಿ ಆದ್ರೆ ಬಿಸಿಗೆ ಹಿಗ್ಗಿ ಪಿಸ್ಟನ್ ಹೆಡ್ಡಿಗೆ ತಾಗ್ತದೆ.

ಕಾರ್ಬುರೇಟರ್ ದೊಡ್ಡದು ಬೇಡ. ಬಾಯಿ ದೊಡ್ಡದಾದ್ರೆ ನಿಧಾನದಲ್ಲಿ ಗಾಳಿಯ ವೇಗ ಕುಂದಿ ಪೆಟ್ರೋಲ್ ಸರಿಯಾಗಿ ಚದುರೋದಿಲ್ಲ. ಇರೋದೇ ಇರಲಿ, ಅದರೊಳಗೆ ಪೆಟ್ರೋಲ್ ಹರಿಯೋ ಸಣ್ಣ ತೂತಿನ ಜೆಟ್ ಮಾತ್ರ ನೋಡಿಸ್ಬೇಕು. ಈಗ ಬಂಕಲ್ಲಿ ಬರೋದು ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು. ಪೆಟ್ರೋಲು ಉರಿಯೋಕೆ ತನ್ನ 14.7 ಪಟ್ಟು ತೂಕದ ಗಾಳಿ ಬೇಕು, ಎಥೆನಾಲ್‌ಗೆ 9 ಪಟ್ಟು ಸಾಕು. ಹಳೇ ಜೆಟ್ಟಲ್ಲಿ ಇ20 ಹಾಕಿದ್ರೆ ಮಿಶ್ರಣ ತೆಳುವಾಗ್ತದೆ. ಮೂಡಿಗೆರೆ ಸಮುದ್ರಮಟ್ಟಕ್ಕಿಂತ ಎಷ್ಟೋ ಎತ್ತರ, ಗಾಳಿ ವಿರಳ, ಆದ್ರಿಂದ ಸ್ವಲ್ಪ ಸರಿದೂಗ್ತದೆ. ಆದ್ರೂ ಪ್ಲಗ್ ತೆಗೆದು ಬಣ್ಣ ನೋಡ್ಲೇಬೇಕು. ಬೆಳ್ಳಗಿದ್ರೆ ಜೆಟ್ ಒಂದು ಸೈಜ್ ಮೇಲೆ. ಕಂದು ಬಣ್ಣ ಬಂದ್ರೆ ಸರಿ. ಕಂಪ್ರೆಶನ್ ಏರಿಸಿ ಮಿಶ್ರಣ ತೆಳು ಬಿಟ್ರೆ ಪಿಸ್ಟನ್ ತೂತು ಬೀಳ್ತದೆ.

ಪ್ರಕಾಶ್ ಚಿಕ್ಕಪ್ಪ: ಯೆಜ್ಡಿಗೆ ಇಷ್ಟೆಲ್ಲ ಯಾಕೆ ಬೇಕಿರಲಿಲ್ಲ ಅದನ್ನ ಹೇಳು.

ರಘಣ್ಣ: ಅದು 250 ಸಿಸಿ ಚಿಕ್ಕಪ್ಪ. 65 ಎಂಎಂ ಬೋರು, 75 ಎಂಎಂ ಸ್ಟ್ರೋಕು. ನಮ್ಮದಕ್ಕೆ ಎರಡೂವರೆ ಪಟ್ಟು ದೊಡ್ಡದು, ಒಳಗೆ ತಿರುಗೋ ಭಾರವೂ ಜಾಸ್ತಿ. ಯೆಜ್ಡಿ ನೆಪದಲ್ಲಿ ಆ ಭಾರದ ವಿಷ್ಯ ಬಂದಿದ್ದು ಒಳ್ಳೇದಾಯ್ತು. ಹೊರದೇಶಗಳ ಕಾಡುದಾರಿಯಲ್ಲಿ ಟೂ-ಸ್ಟ್ರೋಕ್ ಡರ್ಟ್ ಬೈಕ್ ಓಡಿಸೋರು ಮ್ಯಾಗ್ನೆಟ್‌ಗೆ ಭಾರ ಸೇರಿಸ್ತಾರೆ. ಟಾರ್ಕ್ ಒಂಚೂರೂ ಹೆಚ್ಚಾಗೋದಿಲ್ಲ. ಬೇರು, ಕಲ್ಲು ಎದುರಾದಾಗ ಇಂಜಿನ್ ಪಕ್ಕನೆ ನಿಂತು ಹೋಗೋದಿಲ್ಲ, ಚಕ್ರ ಸುಮ್ಮನೆ ಸುತ್ತೋದೂ ಕಮ್ಮಿ.

ಸುಮಕ್ಕ: ನಂಗೆ ಬೇಕಾಗಿರೋದು ಅದೇ!

ರಘಣ್ಣ: ಬೇಕು ನಿಜ ಅಕ್ಕ. ಆದ್ರೆ ಆರ್‌ಎಕ್ಸ್‌ಗೆ ಸರಿಯಾಗಿ ಬ್ಯಾಲೆನ್ಸ್ ಮಾಡಿದ ತುಂಡು ಲೇತಲ್ಲಿ ಮಾಡಿಕೊಡೋರು ಸಿಗ್ಬೇಕು. ಅಂದಾಜಲ್ಲಿ ಮಾಡಿಸಿದ್ರೆ ಕ್ರ್ಯಾಂಕ್ ಬೇರಿಂಗ್ ತಿಂದು ಹಾಕ್ತದೆ. ಅದನ್ನ ಆಮೇಲೆ ನೋಡೋಣ.

ಚೇತನ್: ಇನ್ನೊಂದು ದಾರಿ. ಆರ್‌ಎಕ್ಸ್ 135 ಬ್ಲಾಕ್ ಕೂರಿಸೋದು. 132 ಸಿಸಿ. ಪೋರ್ಟ್ ಮುಟ್ಟೋದೇ ಬೇಡ, ಎಳೆತ ಕೆಳಗಿಂದ ಮೇಲಿನವರೆಗೂ ಬರುತ್ತೆ. ಇದಕ್ಕೆ ಏನಂತೀರ?

ರಘಣ್ಣ: ಇಂಜಿನ್ ಲೆಕ್ಕದಲ್ಲಿ ನೀನು ಹೇಳಿದ್ದು ಪೂರ್ತಿ ಸರಿ. ಭಾವ ಏನಂತಾರೆ ಕೇಳು.

ಶಶಿ ಭಾವ: ಬೇಡ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52. ಕಂಪನಿ ಹೇಳಿದ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಆರ್‌ಸಿಯಲ್ಲಿ 98 ಸಿಸಿ ಇದೆ. ಈ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಒಗೆ ಹೋಗಿ ರಿನ್ಯೂವಲ್ ಮಾಡಿಸ್ಬೇಕು. ತೋಟದ ಒಳಗೆ ಮಾತ್ರ ಓಡಿಸ್ತೀವಿ ಅಂದ್ರೂ ಮೂಡಿಗೆರೆ ಪೇಟೆಗೆ ಹೋಗದೆ ಇರೋಲ್ಲ. ಏನಾದ್ರೂ ಅಪಘಾತ ಆದ್ರೆ ಇನ್ಶೂರೆನ್ಸಿನವರು ಮೊದ್ಲು ಹಿಡಿಯೋದು ಇದನ್ನೇ. ಅತ್ತೆ ಹೆಸರಲ್ಲಿರೋ ಗಾಡಿ.

ದೊಡ್ಡಮ್ಮ: ಕೋರ್ಟು ಕಚೇರಿ ಆಗೋದು ಬೇಡ ಚೇತು.

ಚೇತನ್: ಸರಿ ದೊಡ್ಡಮ್ಮ, 135 ಬಿಟ್ಟೆ. ಪೋರ್ಟಿಂಗ್ ಬಿಟ್ಟಿಲ್ಲ. ನನಗೆ ಮುಂದಿನ ವರ್ಷ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿಗೆ ಹೋಗೋ ಆಸೆ ಇದೆ, ಸುಮ್ಮನೆ ಶೋಕಿಗೆ ಕೇಳ್ತಿಲ್ಲ.

ರಘಣ್ಣ: ಆಸೆ ತಪ್ಪಲ್ಲ ಚೇತು. ಆದ್ರೆ ಈ ಬ್ಲಾಕ್ ಮೇಲೆ ಬೇಡ. ಬೋರ್ ಸವೆದ್ರೆ 0.25 ಎಂಎಂ ದೊಡ್ಡ ಪಿಸ್ಟನ್ ಹಾಕಿ ಮತ್ತೆ ಬೋರ್ ಮಾಡಿಸ್ಬಹುದು. ಮೇಲಕ್ಕೆ ಕೊರೆದ ಪೋರ್ಟನ್ನ ವಾಪಸ್ ಮೊದಲಿನ ಹಾಗೆ ಮಾಡೋಕೆ ಬರೋದಿಲ್ಲ. 1996ಕ್ಕೇ ಆರ್‌ಎಕ್ಸ್ 100 ಮಾಡೋದು ನಿಂತಿದೆ, ಕಂಪನಿಯ ಒರಿಜಿನಲ್ ಬ್ಲಾಕ್ ಎಲ್ಲಿಂದ ತರ್ತೀಯ? ರೇಸಿಗೆ ಬೇರೆ ಬ್ಲಾಕ್ ಒಂದು ಹುಡುಕು, ಪೋರ್ಟ್ ಅಳತೆ ನಾನೇ ಕೂತು ಬರೆದು ಕೊಡ್ತೀನಿ, ನನ್ನ ಪಾಲೂ ಹಾಕ್ತೀನಿ.

ಚೇತನ್: ನಿಜವಾಗ್ಲೂ?

ರಘಣ್ಣ: ನಿಜವಾಗ್ಲೂ. ಇನ್ನೊಂದು ಮಾತು, ಇದು ಎಲ್ಲರಿಗೂ. ಇಳಿಜಾರಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಲ್ಲೇ ಇಳಿದ್ರೆ ಇಂಜಿನ್ ಜೋರು ತಿರುಗ್ತದೆ, ಆಯಿಲ್ ಮಾತ್ರ ಕಮ್ಮಿ ಹೋಗ್ತದೆ. ಟೂ-ಸ್ಟ್ರೋಕ್ ಸೀಜ್ ಆಗೋಕೆ, ಅಂದ್ರೆ ಪಿಸ್ಟನ್ ಸಿಲಿಂಡರಿಗೆ ಹಿಡ್ಕೊಳ್ಳೋಕೆ, ಅದೊಂದು ದಾರಿ. ಸ್ಪ್ರಾಕೆಟ್ ಚಿಕ್ಕದಾದ್ಮೇಲೆ ಇನ್ನೂ ಜೋರು ತಿರುಗ್ತದೆ. ಮಧ್ಯೆ ಮಧ್ಯೆ ಸ್ವಲ್ಪ ಆಕ್ಸಿಲರೇಟರ್ ಕೊಡ್ತಾ ಇಳೀರಿ. ರೈಟರಿಗೂ ಹೇಳಿ.

ಸುಮಕ್ಕ: ಹಂಗಾದ್ರೆ ಹೀಗೆ. ನಾಳೆ ರೀಡ್, ಸೀಲು, ಕರಿ ನೋಡಿಸ್ತೇನೆ. 13 ಹಲ್ಲಿನದು ತರಿಸ್ತೇನೆ. ಅದರಲ್ಲೇ ಏರು ಹತ್ತಿದ್ರೆ ಗ್ಯಾಸ್ಕೆಟ್ ಕೆಲಸವೂ ಈ ಮಳೆಗಾಲಕ್ಕೆ ಬೇಡ. ಬ್ಲಾಕಿಗೆ ಗ್ರೈಂಡರ್ ತಾಗಿಸೋದಿಲ್ಲ.

ಚೇತನ್: ಅಕ್ಕ, ಹತ್ತಲಿಲ್ಲ ಅಂದ್ರೆ?

ಸುಮಕ್ಕ: ಹತ್ತಲಿಲ್ಲ ಅಂದ್ರೆ ರಘು ರಜಾ ಹಾಕಿ ಬಂದು ತಂತಿ ಇಳಿಸಿ ಅಳೀತಾನೆ. ನೀನೂ ಬಾ, ಕಲೀತೀಯ.

ರಘಣ್ಣ: ಬರ್ತೀನಿ ಅಕ್ಕ. ಹಳೇ 14 ಹಲ್ಲಿನದು ಬಿಸಾಡಬೇಡ, ಬೇಸಿಗೆಗೆ ವಾಪಸ್ ಹಾಕೋಣ. ಚೈನ್ ಸವೆದಿದ್ರೆ ಅದನ್ನೂ ಒಟ್ಟಿಗೇ ಬದಲಾಯಿಸು, ಹೊಸ ಹಲ್ಲಿಗೆ ಹಳೇ ಚೈನ್ ಹಾಕಿದ್ರೆ ಎರಡೂ ಬೇಗ ತಿಂದು ಹೋಗ್ತವೆ.