ಸಮಸ್ಯಾಪೂರಣ: ‘ಕಿರಿದಾದ ನಾಳದೊಳು ಹರಿವು ಮಂದಂ’

ವಿರೋಧವಾಗಿ ತೋರುವ ಸಾಲೊಂದನ್ನು ಕೊಟ್ಟಾಗ ಉಳಿದ ಸಾಲುಗಳನ್ನು ರಚಿಸಿ ಅದಕ್ಕೆ ಅರ್ಥ ಹೊಂದಿಸುವುದೇ ಸಮಸ್ಯಾಪೂರಣ. ಇಲ್ಲಿ ಕೊಟ್ಟದ್ದು ಐದು ಮಾತ್ರೆಗಳ ಗಣದಲ್ಲಿ ನಡೆಯುವ ಚೌಪದಿಯ ಕೊನೆಯ ಸಾಲು. ಒಂದೇ ಕೊಳವೆ ಮುಂದೆ ಕಿರಿದಾದರೆ ಅದರೊಳಗಿನ ದ್ರವದ ವೇಗ ಹೆಚ್ಚಲೇಬೇಕು. ಆದರೆ ದೇಹದ ಅತ್ಯಂತ ಸಣ್ಣ ರಕ್ತನಾಳಗಳಾದ ಲೋಮನಾಳಗಳಲ್ಲಿಯೇ ರಕ್ತವು ಎಲ್ಲಕ್ಕಿಂತ ನಿಧಾನವಾಗಿ ಹರಿಯುತ್ತದೆ. ಈ ವಿರೋಧವನ್ನು ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು) ಕೆಡದಂತೆ ಪರಿಹರಿಸಬೇಕೆಂದು ಕೋರಿದ್ದೆ. ಮಿತ್ರರೊಬ್ಬರ ಪೂರಣ ಹೀಗಿದೆ:

ಉರದ ಬಲದಿಂ ಚಿಮ್ಮಿ ದೂರಕೈತಂದಂತೆ
ಕರಗುತಿರೆ ತಳ್ಳುವಾ ಕಸುವದೆಲ್ಲಂ
ತೊರೆಯು ಬಯಲೊಳು ಬಳಲಿ ನಡೆವಂತೆ ದೇಹದೊಳು
ಕಿರಿದಾದ ನಾಳದೊಳು ಹರಿವು ಮಂದಂ

ಛಂದಸ್ಸು ನಿರ್ದುಷ್ಟವಾಗಿದೆ, ಮೂರನೆಯ ಸಾಲು ಬಹಳ ಸೊಗಸಾಗಿದೆ. ಹೃದಯದಿಂದ ದೂರ ಸರಿದಂತೆ ರಕ್ತದ ಒತ್ತಡ ಇಳಿಯುತ್ತದೆ ಎಂಬುದೂ ನಿಜವೇ. ಆದರೆ ಮಾನ್ಯರು ಒಂದು ಸಂಗತಿಯನ್ನು ಗಮನಿಸಬೇಕು: ಲೋಮನಾಳಗಳನ್ನು ದಾಟಿ, ಹೃದಯಕ್ಕೆ ಮರಳುವ ನಾಳಗಳಾದ ಅಭಿಧಮನಿಗಳನ್ನು ಸೇರಿದ ರಕ್ತದ ಒತ್ತಡ ಇನ್ನೂ ಕಡಿಮೆಯಾಗಿದ್ದರೂ ಅದರ ವೇಗ ಮತ್ತೆ ಏರುತ್ತದೆ. ಕಸುವು ಕರಗುವುದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಆದ್ದರಿಂದ ಪದ್ಯ ಚೆಲುವಾಗಿದ್ದರೂ ಸಮಸ್ಯೆ ಬಿಡಿಸಿಕೊಂಡಿಲ್ಲವೆಂದೇ ನನ್ನ ಅಭಿಪ್ರಾಯ. ನನ್ನ ಪೂರಣವನ್ನು ಇಲ್ಲಿ ಒಪ್ಪಿಸುತ್ತೇನೆ:

ಹಿರಿನಾಳವೊಂದೆ ತಾಂ ಕೋಟಿ ಕವಲಾಗುತಿರೆ
ನೆರೆದ ಕವಲೆಲ್ಲದರ ಹರಹು ಹಿರಿದೈ
ಎರೆಯೆ ನೆತ್ತರು ತನ್ನೊಳುಸಿರ ಕಣಕಣಕೆಲ್ಲ
ಕಿರಿದಾದ ನಾಳದೊಳು ಹರಿವು ಮಂದಂ

‘ಕೋಟಿ’ ಎಂಬುದು ಇಲ್ಲಿ ಅತಿಶಯೋಕ್ತಿಯಲ್ಲ. ದೇಹದ ಲೋಮನಾಳಗಳು ಸುಮಾರು 1,000 ಕೋಟಿ ಇರಬಹುದೆಂಬ ಅಂದಾಜಿದೆ. ಒಂದೊಂದೂ ಕಿರಿದಾದರೂ ಎಲ್ಲವೂ ಸೇರಿದಾಗ ಹಾದಿ ಅಗಾಧವಾಗಿ ಹಿಗ್ಗುತ್ತದೆ. ಹೃದಯದಿಂದ ಹೊರಡುವ ಹಿರಿನಾಳವಾದ ಮಹಾಪಧಮನಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 2.5 ಚದರ ಸೆಂಟಿಮೀಟರ್ ಇದ್ದರೆ, ಲೋಮನಾಳಗಳೆಲ್ಲದರ ಒಟ್ಟು ವಿಸ್ತೀರ್ಣ ಸುಮಾರು 2,500 ಚದರ ಸೆಂಟಿಮೀಟರ್. ಆದ್ದರಿಂದಲೇ ವಿಶ್ರಾಂತಿಯಲ್ಲಿರುವ ದೇಹದ ಮಹಾಪಧಮನಿಯಲ್ಲಿ ಸೆಕೆಂಡಿಗೆ ಸುಮಾರು 33 ಸೆಂಟಿಮೀಟರ್ ಸಾಗುವ ರಕ್ತವು ಲೋಮನಾಳದಲ್ಲಿ ಸುಮಾರು 0.3 ಮಿಲಿಮೀಟರ್ ಮಾತ್ರ ಸಾಗುತ್ತದೆ. ಮುಂದೆ ಕವಲುಗಳು ಕೂಡಿಕೊಂಡು ಅಭಿಧಮನಿಗಳಾದಾಗ ಒಟ್ಟು ಹರಹು ಕುಗ್ಗುವುದರಿಂದ ವೇಗ ಮರಳುತ್ತದೆ.

ಮೂರನೆಯ ಸಾಲಿನ ‘ಎರೆಯೆ’ ನನಗೆ ಅತ್ಯಂತ ಪ್ರಿಯವಾದ ಪದ, ಏಕೆಂದರೆ ರಕ್ತನಾಳಗಳ ಇಡೀ ವ್ಯವಸ್ಥೆ ಇರುವುದೇ ಆ ಎರೆಯುವಿಕೆಗಾಗಿ. ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿಯ (ಧಮನಿಯ) ದಪ್ಪ ಗೋಡೆಗೆ ಮೂರು ಪದರಗಳಿವೆ. ಅದರ ಮೂಲಕ ಆಮ್ಲಜನಕ ಸುತ್ತಲಿನ ಅಂಗಾಂಶಕ್ಕೆ ಸಾಕಷ್ಟು ದಾಟಲಾರದು. ಲೋಮನಾಳದ ಗೋಡೆಯಾದರೋ ಒಂದೇ ಪದರದ ಜೀವಕೋಶಗಳಿಂದಾದದ್ದು. ಸುಮಾರು 7-8 ಮೈಕ್ರೋಮೀಟರ್ ಅಗಲದ ಕೆಂಪು ರಕ್ತಕಣಗಳು ಅನೇಕ ಕಡೆ ಮೈ ಬಗ್ಗಿಸಿಕೊಂಡು, ಒಂದರ ಹಿಂದೊಂದಾಗಿ ಆ ಗೋಡೆಯನ್ನು ಸವರುತ್ತಲೇ ಸಾಗುತ್ತವೆ. ನಾಳದ ಉದ್ದ ಒಂದು ಮಿಲಿಮೀಟರಿನಷ್ಟೂ ಇರದೆ ಹೋಗಬಹುದು. ದಾಟಲು ದೊರೆಯುವ ಕಾಲ 1ರಿಂದ 3 ಸೆಕೆಂಡುಗಳು. ಅಷ್ಟರಲ್ಲಿ ಆಮ್ಲಜನಕ ಹೊರಗೂ ಇಂಗಾಲದ ಡೈಆಕ್ಸೈಡ್ ಒಳಗೂ ಸರಿಯಬೇಕು.

ಮುಂದಿನ ಸಮಸ್ಯೆ, ಇದೇ ಛಂದಸ್ಸಿನಲ್ಲಿ:

ಧಮನಿಯೊಳು ಹರಿಯುವುದು ಮಲಿನ ರಕ್ತಂ

ಪ್ರಾಸಾಕ್ಷರ ಮಕಾರ, ಅದರ ಹಿಂದಿನದು ಲಘುವಾಗಿರಬೇಕು. ಪರಿಹಾರವನ್ನು ಹೃದಯಕ್ಕೂ ಶ್ವಾಸಕೋಶಕ್ಕೂ ನಡುವೆ ಹುಡುಕಬೇಕೆಂದು ಸಹೃದಯರಲ್ಲಿ ವಿನಂತಿ.